ಇಂಧನ ವ್ಯಾಪಾರದ ಜಾಲ ಮತ್ತು ಹಾವೇರಿಯ ಸೀಮೆ

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋದವರಿಗೆ ಒಂದು ಸಂಗತಿ ಬೇಗನೆ ಮನವರಿಕೆಯಾಗುತ್ತದೆ. ಅಲ್ಲಿ ರಾಶಿ ಬಿದ್ದಿರುವ ಕೆಂಪು ಕಾಯಿಯ ಬಹುಪಾಲು ಬ್ಯಾಡಗಿಯ ಹೊಲಗಳಲ್ಲಿ ಬೆಳೆದುದಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ, ಗದಗ ಜಿಲ್ಲೆಗಳಿಂದಲೂ ಆಂಧ್ರದ ಕರ್ನೂಲು ಸೀಮೆಯಿಂದಲೂ ಚೀಲಗಳು ಇಲ್ಲಿಗೆ ಬಂದು ಇಳಿಯುತ್ತವೆ; ಇಲ್ಲಿಂದ ಮಸಾಲೆಯ ಗಿರಣಿಗಳಿಗೂ, ಕಾಯಿಯ ಬಣ್ಣವನ್ನು ಹಿಂಡಿ ತೆಗೆಯುವ ಕಾರ್ಖಾನೆಗಳಿಗೂ, ಅವುಗಳ ಮೂಲಕ ಕಡಲಾಚೆಯ ನಾಡುಗಳಿಗೂ ಸಾಗುತ್ತವೆ. ಬೆಳೆಯುವವನು ಒಂದೆಡೆ, ಉಣ್ಣುವವನು ಮತ್ತೊಂದೆಡೆ. ದರ ಹುಟ್ಟುವುದು ಮಾತ್ರ ಈ ಪುಟ್ಟ ಪಟ್ಟಣದಲ್ಲಿ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತ ಮೇಲೆ ಊರಿನ ಹೆಸರೇ ಕಾಯಿಯ ಜಾತಿಯ ಹೆಸರಾಗಿ ಸ್ಥಿರಗೊಂಡಿತು. ಲೋಕರೂಢಿಯಲ್ಲಿ ಇಂತಹ ಊರಿಗೆ ಪೇಟೆಯೆನ್ನುವರು. ಜಾಲಶಾಸ್ತ್ರವನ್ನು ಬಲ್ಲವರು ಅದನ್ನು ಅನೇಕ ಎಳೆಗಳು ಬಂದು ಕೂಡಿದ ಗಂಟು ಎಂದು ಕರೆಯುತ್ತಾರೆ.

ಆ ಶಾಸ್ತ್ರದ ಮೂಲವಿರುವುದು ಸೇತುವೆಗಳ ಒಂದು ಒಗಟಿನಲ್ಲಿ. ಪ್ರಷ್ಯ ದೇಶದ ಕೋನಿಗ್ಸ್‌ಬರ್ಗ್ ನಗರದಲ್ಲಿ ನದಿಗೆ ಏಳು ಸೇತುವೆಗಳಿದ್ದವು. ಒಂದನ್ನೂ ಎರಡು ಸಲ ತುಳಿಯದೆ ಏಳನ್ನೂ ದಾಟಿ ಬರಬಹುದೇ ಎಂಬುದು ಅಲ್ಲಿಯ ಜನರ ಪ್ರಶ್ನೆ. ಗಣಿತಜ್ಞನಾದ ಆಯ್ಲರನು 1736ರಲ್ಲಿ ನದಿಯ ಅಗಲ, ಸೇತುವೆಯ ಉದ್ದ, ದಂಡೆಯ ಆಕಾರ ಇವೆಲ್ಲವನ್ನೂ ಬದಿಗಿರಿಸಿ, ಯಾವ ನೆಲ ಯಾವ ನೆಲಕ್ಕೆ ಕೂಡಿದೆ ಎಂಬುದೊಂದನ್ನೇ ಉಳಿಸಿಕೊಂಡು, ಅದು ಅಸಾಧ್ಯವೆಂದು ಸಾಧಿಸಿ ತೋರಿಸಿದನು. ರಾಷ್ಟ್ರ ರಾಷ್ಟ್ರಗಳ ನಡುವಿನ ಇಂಧನ ವ್ಯಾಪಾರವನ್ನು ಅಭ್ಯಸಿಸುವ ಇಂದಿನ ವಿದ್ವಾಂಸರ ಕ್ರಮವೂ ಇದೇ. ದೇಶವೊಂದು ಗಂಟು, ಅದು ಮತ್ತೊಂದು ದೇಶಕ್ಕೆ ತೈಲವನ್ನೋ ಕಲ್ಲಿದ್ದಲನ್ನೋ ಅನಿಲವನ್ನೋ ಮಾರಿದರೆ ಅದೊಂದು ಎಳೆ. ಎಳೆಗೆ ದಿಕ್ಕುಂಟು, ದಪ್ಪವುಂಟು. ಹೀಗೆ ಬರೆದಿಟ್ಟ ಬಲೆಯಿಂದ ಒಂದು ಗಂಟನ್ನು ಕಿತ್ತರೆ ಉಳಿದ ಬಲೆ ಎಲ್ಲೆಲ್ಲಿ ಜೋಲುತ್ತದೆಂದು ಅವರು ಲೆಕ್ಕ ಹಾಕುತ್ತಾರೆ. ಸರಕಾರದ ವಾರ್ಷಿಕ ಕೋಷ್ಟಕಗಳಿಂದ ಎಷ್ಟು ಬಂದಿತೆಂಬುದು ತಿಳಿಯುತ್ತದೆ. ಬಾರದೆ ಹೋದರೆ ಯಾರಿಗೆ ಮೊದಲು ತಟ್ಟುವುದೆಂಬುದಕ್ಕೆ ಜಾಲದ ನಕ್ಷೆಯೇ ಬೇಕು.

ಎಲ್ಲ ಗಂಟುಗಳೂ ಬ್ಯಾಡಗಿಯಂತಹವಲ್ಲ. ಹಾವೇರಿಯಿಂದ ರಾಣೇಬೆನ್ನೂರಿಗೆ ಹೆದ್ದಾರಿಯಲ್ಲಿ ಹೋಗುವವರು ಮೋಟೆಬೆನ್ನೂರನ್ನು ಹಾಯ್ದೇ ಹೋಗಬೇಕು. ಬ್ಯಾಡಗಿಯ ದಾರಿ ಕವಲೊಡೆಯುವುದೂ ಅಲ್ಲಿಯೇ. ಮೆಣಸಿನಕಾಯಿಯ ರಾಶಿಯಾಗಲಿ, ಜಿಲ್ಲಾ ಕಚೇರಿಯಾಗಲಿ, ರಾಣೇಬೆನ್ನೂರಿನ ಬೀಜದ ವ್ಯಾಪಾರವಾಗಲಿ ಆ ಊರಿಗೆ ಸೇರಿದ್ದಲ್ಲ. ಆದರೂ ಆ ಕೂಡುದಾರಿಯಲ್ಲಿ ಒಂದು ಲಾರಿ ಅಡ್ಡ ಬಿದ್ದರೆ ಮೂರು ಪಟ್ಟಣಗಳ ವ್ಯವಹಾರವೂ ಅರ್ಧ ದಿನ ತಡೆಯುತ್ತದೆ. ತನ್ನದೇನನ್ನೂ ಮಾರದೆಯೂ ಎಲ್ಲರ ನಡುವೆ ಇರುವುದರಿಂದಲೇ ಬರುವ ಈ ಮಹತ್ವಕ್ಕೆ 1977ರಲ್ಲಿ ಅಮೇರಿಕದ ಸಮಾಜಶಾಸ್ತ್ರಜ್ಞ ಲಿಂಟನ್ ಫ್ರೀಮನ್ ಒಂದು ಅಳತೆಯನ್ನು ಕೊಟ್ಟರು. ಉಳಿದ ಗಂಟುಗಳ ಪ್ರತಿಯೊಂದು ಜೋಡಿಯ ನಡುವೆ ಅತಿ ಹತ್ತಿರದ ದಾರಿಗಳನ್ನು ಹುಡುಕಿ, ಅವುಗಳಲ್ಲಿ ಎಷ್ಟು ಪಾಲು ಈ ಗಂಟನ್ನು ಹಾಯ್ದು ಹೋಗುವವೆಂದು ಎಣಿಸುವುದು. ಅದನ್ನು ಕನ್ನಡದಲ್ಲಿ ನಡುವಣತನವೆಂದರೆ ಸಾಕು.

ಇಂಧನ ಪ್ರಪಂಚದ ಮೋಟೆಬೆನ್ನೂರೆಂದರೆ ಇರಾನ್ ಮತ್ತು ಓಮಾನುಗಳ ನಡುವಣ ಹೋರ್ಮುಜ್ ಜಲಸಂಧಿ. ತೀರ ಇಕ್ಕಟ್ಟಾದೆಡೆ ಅದರ ಅಗಲ ಸುಮಾರು 33 ಕಿಲೋಮೀಟರು. 2024ರಲ್ಲಿ ದಿನವೊಂದಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ತೈಲ ಅದರ ಮೂಲಕ ಸಾಗಿತು. ಜಗತ್ತು ಬಳಸಿದ ತೈಲದಲ್ಲಿ ಇದು ಐದರಲ್ಲೊಂದು ಪಾಲು. ಹಡಗಿನಲ್ಲಿ ಸಾಗುವ ದ್ರವೀಕೃತ ನೈಸರ್ಗಿಕ ಅನಿಲದಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ಪಾಲು. ಸೌದಿ ಅರೇಬಿಯಕ್ಕೆ ಕೆಂಪು ಸಮುದ್ರದತ್ತ ಒಂದು ಕೊಳವೆ ಮಾರ್ಗವುಂಟು. ಅಬುಧಾಬಿಯು 2012ರಲ್ಲಿ ಫುಜೈರಾ ಬಂದರಿಗೆ ಇನ್ನೊಂದನ್ನು ಹಾಕಿಕೊಂಡಿತು. ಕುವೈತ್ ಮತ್ತು ಕತಾರುಗಳಿಗೆ ಕಡಲಿಗಿಳಿಯಲು ಬೇರೆ ಬಾಗಿಲೇ ಇಲ್ಲ. ಭಾರತವು ಬಳಸುವ ಅಡುಗೆ ಅನಿಲದಲ್ಲಿ 2024-25ರ ಹೊತ್ತಿಗೆ ಶೇಕಡ 60ರ ಆಸುಪಾಸು ಹೊರಗಿನಿಂದ ಬರುತ್ತಿತ್ತು. ಅದರ ಬಹುಪಾಲು ಇದೇ ಬಾಗಿಲಿನಿಂದ. ಸೌದೆಯ ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ನೂರಾರು ವಿದ್ಯಾರ್ಥಿಗಳಿಗೆ ಅನ್ನ ಬೇಯಿಸುತ್ತಿದ್ದ ಈ ಸೀಮೆಯ ಪ್ರಸಾದ ನಿಲಯಗಳು ಅನಿಲದ ಒಲೆಗೆ ಬಂದುದು ಸುಖದ ಸಂಗತಿಯೇ. ಹುಣಸೆಯ ಕೊರಡಿನ ಎಳೆಯನ್ನು ಬಿಟ್ಟು ಹೋರ್ಮುಜಿನ ಎಳೆಯನ್ನು ಹಿಡಿದಂತಾಯಿತೆಂಬುದು ಮಾತ್ರ ಅಡುಗೆಯವರಿಗೆ ತಿಳಿಯುವಂತಹದಲ್ಲ.

ಎಳೆಯ ಇನ್ನೊಂದು ಗುಣವನ್ನು ಮೊದಲು ವಿಶದವಾಗಿ ಹೇಳಿದವರು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್. 1945ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಯುದ್ಧಪೂರ್ವದ ಜರ್ಮನಿಯು ತನ್ನ ಆಗ್ನೇಯಕ್ಕಿದ್ದ ಸಣ್ಣ ದೇಶಗಳೊಡನೆ ಬೆಳೆಸಿದ ವ್ಯಾಪಾರವನ್ನು ಪರಿಶೀಲಿಸಿದರು. ಆ ಸಣ್ಣ ದೇಶಗಳ ವ್ಯಾಪಾರದಲ್ಲಿ ಜರ್ಮನಿಯದು ದೊಡ್ಡ ಪಾಲು. ಜರ್ಮನಿಯ ವ್ಯಾಪಾರದಲ್ಲಿ ಅವುಗಳದು ಚಿಟಿಕೆಯಷ್ಟು. ಎಳೆ ಒಂದೇ, ಎರಡು ತುದಿಗಳಲ್ಲಿ ಅದರ ಭಾರ ಬೇರೆ ಬೇರೆ. ಬಲವೆಂಬುದು ಈ ವ್ಯತ್ಯಾಸದಲ್ಲಿ ಅಡಗಿರುತ್ತದೆಂದು ಅವರು ತೋರಿಸಿದರು. ಬ್ಯಾಡಗಿಯ ಅಂಗಳದಲ್ಲಿ ಇದಕ್ಕೆ ಟೀಕೆ ಬೇಕಿಲ್ಲ. ರೈತನು ವರ್ಷದ ಬೆಳೆಯನ್ನೆಲ್ಲ ಲಾರಿಗೆ ಹೇರಿ ತಂದಿರುತ್ತಾನೆ. ಮಾರುಕಟ್ಟೆಗೆ ಅದು ಆ ದಿನದ ಲಕ್ಷ ಚೀಲಗಳಲ್ಲಿ ಹತ್ತು ಚೀಲ. ಮರಳಿ ಒಯ್ಯಲು ಅವನಿಗೆ ಬಾಡಿಗೆ ಇಲ್ಲ, ಕಾಯಲು ಸಾಲದ ಬಡ್ಡಿ ಬಿಡುವುದಿಲ್ಲ. 2024ರ ಮಾರ್ಚ್ 11ರಂದು ದರ ಒಮ್ಮೆಲೇ ಕುಸಿದಾಗ ಕೆರಳಿದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟುದನ್ನು ನಾಡೆಲ್ಲ ಕಂಡಿತು. ಬೆಂಕಿಯನ್ನು ಯಾರೂ ಮೆಚ್ಚಲಾರರು. ಆದರೆ ಅದರ ಹಿಂದಿದ್ದ ಅಸಮತೆ ಹರ್ಷ್‌ಮನ್ನರ ಪುಸ್ತಕದಲ್ಲಿ ಬರೆದಿಟ್ಟಂತೆಯೇ ಇತ್ತು.

ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆಯ ಕಥೆ ಇದಕ್ಕಿಂತ ಸೂಕ್ಷ್ಮವಾದುದು. ಅದು ಕೆಲಸ ಆರಂಭಿಸಿದುದು 1996ರಲ್ಲಿ. ಒಂದು ಕಾಲಕ್ಕೆ ಭಾರತದಲ್ಲಿ ಇರಾನಿನ ಕಚ್ಚಾ ತೈಲದ ಅತಿ ದೊಡ್ಡ ಗಿರಾಕಿ ಅದೇ ಆಗಿತ್ತು. 2012ರಲ್ಲಿ ಪಾಶ್ಚಾತ್ಯ ರಾಷ್ಟ್ರಗಳು ಇರಾನಿನ ಮೇಲೆ ನಿರ್ಬಂಧವನ್ನು ಬಿಗಿಗೊಳಿಸಿದಾಗ ಸಮುದ್ರದ ದಾರಿಯೇನೂ ಮುಚ್ಚಲಿಲ್ಲ, ಬಾವಿಗಳೂ ಬತ್ತಲಿಲ್ಲ. ಕಡಿದು ಹೋದುದು ಹಡಗುಗಳಿಗೆ ವಿಮೆ ಕೊಡುವ ಯೂರೋಪಿನ ಕಂಪನಿಗಳ ಎಳೆ ಮತ್ತು ಹಣ ಸಂದಾಯ ಮಾಡುವ ಬ್ಯಾಂಕುಗಳ ಎಳೆ. ಭಾರತ ಸರಕಾರವು ಯುಕೋ ಬ್ಯಾಂಕಿನ ಮೂಲಕ ಬೆಲೆಯ ಒಂದು ಭಾಗವನ್ನು ರೂಪಾಯಿಯಲ್ಲಿಯೇ ತೀರಿಸುವ ಏರ್ಪಾಡು ಮಾಡಿಕೊಂಡಿತು. 2019ರ ಮೇ ತಿಂಗಳಲ್ಲಿ ಅಮೇರಿಕವು ಕೊಟ್ಟಿದ್ದ ರಿಯಾಯಿತಿಯೂ ಮುಗಿದು ಆ ಖರೀದಿ ನಿಂತಿತು. ತೈಲದ ಜಾಲದ ಬೆನ್ನಿಗೆ ಹಡಗಿನ ಜಾಲ, ಅದರ ಬೆನ್ನಿಗೆ ವಿಮೆಯದು, ಅದರ ಬೆನ್ನಿಗೆ ಹಣದ್ದು. ಒಂದರಲ್ಲಿ ಹರಿದರೆ ಉಳಿದವು ಗಟ್ಟಿಯಾಗಿದ್ದೂ ಪ್ರಯೋಜನವಿಲ್ಲ. ಅತ್ತ 2022ರ ಉಕ್ರೇನ್ ಯುದ್ಧಕ್ಕೆ ಮೊದಲು ಭಾರತದ ತೈಲದ ಆಮದಿನಲ್ಲಿ ಅತ್ಯಲ್ಪವಾಗಿದ್ದ ರಷ್ಯದ ಪಾಲು 2023-24ರಲ್ಲಿ ಮೂರರಲ್ಲೊಂದಕ್ಕೂ ಮೀರಿತು. ಬಳಸುವ ತೈಲದ ಶೇಕಡ 87ಕ್ಕೂ ಹೆಚ್ಚನ್ನು ಕೊಂಡು ತರುವ ದೇಶವೊಂದು ಇಷ್ಟು ಬೇಗ ಎಳೆ ಬದಲಿಸಿಕೊಂಡುದು ಸಾಮಾನ್ಯ ಸಂಗತಿಯಲ್ಲ. ದೊಡ್ಡ ಗಿರಾಕಿಗೆ ಇಂತಹ ಸವಲತ್ತು ಸಿಗುತ್ತದೆ. ಸಣ್ಣವನಿಗೆ ಸಿಗುವುದಿಲ್ಲ.

ಇಂಧನವೆಂದೊಡನೆ ಈ ಸೀಮೆಯವರ ಕಣ್ಣ ಮುಂದೆ ನಿಲ್ಲುವುದು ಡೀಸೆಲ್, ಅಡುಗೆ ಅನಿಲ, ಪಂಪ್‌ಸೆಟ್ಟಿನ ವಿದ್ಯುತ್ತು. ಇವೆಲ್ಲಕ್ಕಿಂತ ಹೆಚ್ಚಾಗಿ ಹೊರನಾಡಿನ ಇಂಧನವನ್ನು ಹೊತ್ತು ಇಲ್ಲಿಯ ಹೊಲಕ್ಕೆ ಬರುವ ವಸ್ತು ಮತ್ತೊಂದಿದೆ. ಅದು ಗೊಬ್ಬರದ ಚೀಲ. ಯೂರಿಯಾ ಎಂಬುದು ರೂಪಾಂತರ ಹೊಂದಿದ ನೈಸರ್ಗಿಕ ಅನಿಲವೇ ಸರಿ. ಗಾಳಿಯಲ್ಲಿಯ ಸಾರಜನಕವನ್ನು ಹಿಡಿದು ಅಮೋನಿಯ ಮಾಡುವ ವಿಧಾನವನ್ನು ಜರ್ಮನಿಯ ಹಾಬರ್ ಕಂಡುಹಿಡಿದು, 1913ರಲ್ಲಿ ಬಾಷ್ ಅದನ್ನು ಕಾರ್ಖಾನೆಗೆ ತಂದ ಮೇಲೆ ಅನ್ನದ ಲೆಕ್ಕವೂ ಇಂಧನದ ಲೆಕ್ಕವೂ ಒಂದೇ ಆದವು. ಭಾರತದ ಕಾರ್ಖಾನೆಗಳಲ್ಲಿ ಒಂದು ಟನ್ನು ಯೂರಿಯಾಕ್ಕೆ ಸುಮಾರು 55ರಿಂದ 65 ಲಕ್ಷ ಕಿಲೋಕ್ಯಾಲೊರಿ ಶಕ್ತಿ ಬೇಕು. 45 ಕಿಲೋ ಚೀಲವೊಂದಕ್ಕೆ ಭಾಗಿಸಿ ನೋಡಿದರೆ, ಮನೆಯ ಅಡುಗೆಗೆ ಬರುವ 14.2 ಕಿಲೋ ಅನಿಲದ ಸಿಲಿಂಡರು ಒಂದೂವರೆಗಿಂತ ಹೆಚ್ಚಾಗುತ್ತದೆ. ಮೆಕ್ಕೆಜೋಳದ ಹೊಲಕ್ಕೆ ನಾಲ್ಕು ಚೀಲ ಚೆಲ್ಲಿದ ರೈತನು ಆರು ಸಿಲಿಂಡರಿಗೂ ಮಿಗಿಲಾದ ಶಕ್ತಿಯನ್ನು ಮಣ್ಣಿಗೆ ಸೇರಿಸಿದಂತಾಯಿತು. ಪಣಂಬೂರಿನ ಗೊಬ್ಬರ ಕಾರ್ಖಾನೆ 1976ರಲ್ಲಿ ಉತ್ಪಾದನೆಗೆ ತೊಡಗಿದಂದಿನಿಂದ ದಶಕಗಳ ಕಾಲ ತೈಲದಿಂದ ಬರುವ ನಾಫ್ತಾವನ್ನು ಬಳಸಿ ಯೂರಿಯಾ ಮಾಡಿತು. 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆ ಮಾರ್ಗದ ಮೂಲಕ ಅಲ್ಲಿಗೆ ಅನಿಲ ಬಂದಿತು. ಆ ಅನಿಲ ಕೊಚ್ಚಿಗೆ ಬರುವುದು ಹಡಗಿನಲ್ಲಿ. ಡಿ.ಎ.ಪಿ. ಗೊಬ್ಬರದ ಬಲೆ ಇನ್ನೂ ಗೋಜಲು. ಅದರ ಅಮೋನಿಯ ಅನಿಲದಿಂದ, ಗಂಧಕ ತೈಲ ಶುದ್ಧೀಕರಣದ ಉಪೋತ್ಪನ್ನವಾಗಿ, ರಂಜಕದ ಶಿಲೆ ಮೊರಾಕ್ಕೊ, ಜೋರ್ಡಾನುಗಳಿಂದ. ತಯಾರಾದ ಗೊಬ್ಬರವೂ ಹೊರಗಿನಿಂದ ಧಾರಾಳವಾಗಿ ಬರುತ್ತದೆ.

ಈ ಬಲೆಯಲ್ಲಿ 2008ರಲ್ಲಿ ಏನಾಯಿತೆಂಬುದನ್ನು ಹಾವೇರಿ ಮರೆತಿಲ್ಲ, ಮರೆಯುವಂತಿಲ್ಲ.

2007ರ ಆರಂಭದಲ್ಲಿ ಅಂತರರಾಷ್ಟ್ರೀಯ ಪೇಟೆಯಲ್ಲಿ ಡಿ.ಎ.ಪಿ. ಬೆಲೆ ಟನ್ನಿಗೆ 300 ಡಾಲರಿನ ಆಸುಪಾಸು ಇತ್ತು. 2008ರ ಬೇಸಗೆಯ ಹೊತ್ತಿಗೆ ಅದು 1000 ಡಾಲರನ್ನು ದಾಟಿತು. ತೈಲದ ಬೆಲೆ ಏರುತ್ತ ಏರುತ್ತ ಅದೇ ಜುಲೈ ತಿಂಗಳಲ್ಲಿ ಬ್ಯಾರೆಲಿಗೆ 147 ಡಾಲರು ಮುಟ್ಟಿತು. ಗಂಧಕದ ಬೆಲೆ ಹಲವು ಪಟ್ಟಾಯಿತು. ಚೀನವು ತನ್ನ ರೈತರಿಗೆ ಕೊರತೆಯಾಗದಿರಲೆಂದು ಏಪ್ರಿಲ್ ತಿಂಗಳಲ್ಲಿ ಗೊಬ್ಬರದ ರಫ್ತಿನ ಮೇಲೆ ಶೇಕಡ 100ರ ವಿಶೇಷ ಸುಂಕ ಹೇರಿತು. ಒಂದು ದೊಡ್ಡ ಗಂಟು ತನ್ನ ಎಳೆಗಳನ್ನು ಹೀಗೆ ಒಳಗೆಳೆದುಕೊಂಡಾಗ ಉಳಿದ ಗಿರಾಕಿಗಳೆಲ್ಲರೂ ಮಿಕ್ಕ ನಾಲ್ಕಾರು ಮಾರಾಟಗಾರರ ಬಾಗಿಲಿಗೆ ಮುಗಿಬೀಳಲೇಬೇಕು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಭಾರತದ ರೈತನಿಗೆ ಆ 1000 ಡಾಲರಿನ ಬೆಲೆ ತಟ್ಟಲಿಲ್ಲ. ಆಗಿನ ನಿಗದಿತ ದರ ಟನ್ನಿಗೆ 9350 ರೂಪಾಯಿ, ಅಂದರೆ 50 ಕಿಲೋ ಚೀಲಕ್ಕೆ 467 ರೂಪಾಯಿ 50 ಪೈಸೆ. ಮಿಕ್ಕುದನ್ನು ಕೇಂದ್ರ ಸರಕಾರ ಸಹಾಯಧನವಾಗಿ ಭರಿಸುತ್ತಿತ್ತು. 2008-09ರಲ್ಲಿ ಆ ಹೊರೆ ಸುಮಾರು 1 ಲಕ್ಷ ಕೋಟಿ ರೂಪಾಯಿಗೆ ಏರಿತು. ರೈತನ ಹಿತಕ್ಕೆಂದೇ ಮಾಡಿದ ಈ ಏರ್ಪಾಡಿನಿಂದ ಒಂದು ಅನಪೇಕ್ಷಿತ ಪರಿಣಾಮವೂ ಉಂಟಾಯಿತು. ಜಗತ್ತಿನ ಪೇಟೆಯಲ್ಲಿ ಎದ್ದ ಬಿರುಗಾಳಿಯ ಸುದ್ದಿ ಬೆಲೆಯ ರೂಪದಲ್ಲಿ ಅವನನ್ನು ಮುಟ್ಟಲೇ ಇಲ್ಲ. ಬೆಲೆ ಏರುತ್ತ ಬಂದಿದ್ದರೆ ಅವನು ಫಾಲ್ಗುಣದಲ್ಲಿಯೇ ಎಚ್ಚತ್ತುಕೊಳ್ಳುತ್ತಿದ್ದನೋ ಏನೋ. ಅವನಿಗೆ ಸುದ್ದಿ ಮುಟ್ಟಿದುದು ಖಾಲಿ ಗೋದಾಮಿನ ರೂಪದಲ್ಲಿ, ಅದೂ ಜೂನ್ ತಿಂಗಳ ಮೊದಲ ವಾರದಲ್ಲಿ.

ಹಾವೇರಿ ಜಿಲ್ಲೆಯ ಕೃಷಿಯ ಸ್ವರೂಪವೂ ಇದರೊಡನೆ ಸೇರಿತು. ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿ ಎಲ್ಲಕ್ಕೂ ಗೊಬ್ಬರ ಬೇಕು. ಜಿಲ್ಲೆಯ ಬಹುಭಾಗ ಮಳೆಯನ್ನೇ ನಂಬಿದೆ. ರೋಹಿಣಿ ಹೋಗಿ ಮೃಗಶಿರ ಕಾಲಿಡುವ ಆ ಹದಿನೈದು ದಿನಗಳಲ್ಲಿ ಬಿತ್ತನೆಯಾಗಬೇಕು, ಬೀಜದ ಜೊತೆಗೇ ಡಿ.ಎ.ಪಿ. ನೆಲಕ್ಕೆ ಬೀಳಬೇಕು. ತಿಂಗಳು ತಡವಾಗಿ ಬಂದ ಗೊಬ್ಬರ ಬಾರದ ಗೊಬ್ಬರಕ್ಕೆ ಸಮಾನ. ಹೀಗಿರಲು 2008ರ ಜೂನ್ 10ರಂದು ಹಾವೇರಿ ಪಟ್ಟಣದಲ್ಲಿ ಗೊಬ್ಬರಕ್ಕಾಗಿ ಸೇರಿದ ರೈತರ ಗುಂಪು ಕೆರಳಿತು. ಪೋಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ತೆತ್ತರು. ಒಬ್ಬರು ಅಂದೇ, ಮತ್ತೊಬ್ಬರು ಗಾಯಗೊಂಡು ಆಸ್ಪತ್ರೆಯಲ್ಲಿ. ರಾಜ್ಯದಲ್ಲಿ ಹೊಸ ಸರಕಾರ ಅಧಿಕಾರ ವಹಿಸಿಕೊಂಡು ಎರಡು ವಾರವೂ ತುಂಬಿರಲಿಲ್ಲ. ಆಡಳಿತದ ಲೋಪವೆಷ್ಟು, ವಿತರಣೆಯ ಅವ್ಯವಸ್ಥೆ ಎಷ್ಟು, ವದಂತಿಯ ಪಾಲೆಷ್ಟು ಎಂಬ ವಾದಗಳು ಆಗಲೂ ನಡೆದವು, ಆಮೇಲೂ ನಡೆದವು. ಅವೆಲ್ಲ ಬೇಕಾದ ವಾದಗಳೇ. ಆದರೆ ಸಾಲಿನಲ್ಲಿ ನಿಂತ ಮನುಷ್ಯನ ಕೈಗೂ ಬೀಜಿಂಗಿನ ಸುಂಕದ ಆದೇಶಕ್ಕೂ ನಡುವೆ ಎಷ್ಟು ಗಂಟುಗಳಿದ್ದವೆಂಬುದನ್ನು ಆ ದಿನಗಳಲ್ಲಿ ಎಣಿಸಿ ಹೇಳಿದವರು ವಿರಳ. ಅಂದು ಸಾಲಿನಲ್ಲಿದ್ದವರು ಬೈಯಲು ಸಿಕ್ಕಿದವರು ಎದುರಿಗಿದ್ದ ಅಂಗಡಿಕಾರ, ಗುಮಾಸ್ತ ಮತ್ತು ಪೇದೆ. ಅವರೂ ಅದೇ ಬಲೆಯ ಕೊನೆಯ ಎಳೆಗಳು.

ಜಾಲಶಾಸ್ತ್ರದಲ್ಲಿ ಒಂದೇ ಎಳೆಯಿಂದ ತೂಗುವ ತುದಿಯ ಗಂಟಿಗೆ ಎಲೆಯೆಂದು ಹೆಸರು. ಮರ ಅಲುಗಿದಾಗ ಬೊಡ್ಡೆಗೆ ತಿಳಿಯುವ ಮೊದಲೇ ಎಲೆ ಉದುರಿರುತ್ತದೆ. ಆಲ್ಬರ್ಟ್-ಲಾಸ್ಲೊ ಬರಾಬಾಶಿ ಮತ್ತು ಅವರ ಸಂಗಡಿಗರು 2000ದಲ್ಲಿ ತೋರಿಸಿದಂತೆ, ಕೆಲವೇ ದೊಡ್ಡ ಗಂಟುಗಳಿರುವ ಬಲೆಯಲ್ಲಿ ಎಲ್ಲಿಯೋ ಒಂದು ಸಣ್ಣ ಗಂಟು ಕಳಚಿದರೆ ಬಲೆಗೆ ಏನೂ ಆಗುವುದಿಲ್ಲ. ದೊಡ್ಡವು ಕೆಲವು ಕಳಚಿದರೆ ಬಲೆಯೇ ಚೂರಾಗುತ್ತದೆ. ಸಣ್ಣ ಗಂಟಿಗೆ ಇದರಲ್ಲಿ ಸಮಾಧಾನವೇನೂ ಇಲ್ಲ. ತಾನು ಕಳಚಿದುದು ಬಲೆಗೆ ತಿಳಿಯುವುದೇ ಇಲ್ಲವಲ್ಲ!

ಈ ಲೆಕ್ಕಗಳು ಪ್ರೌಢಶಾಲೆಯ ಮಕ್ಕಳಿಗೆ ಎಟುಕದವೇನಲ್ಲ. ಹರ್ಷ್‌ಮನ್ನರ ಹೆಸರಿನಲ್ಲಿ ಇಂದು ಬಳಕೆಯಲ್ಲಿರುವ ಒಂದು ಅಳತೆಗೆ ಗುಣಾಕಾರ ಮತ್ತು ಕೂಡುವುದಷ್ಟೇ ಬೇಕು. ಪೂರೈಸುವವರ ಪಾಲುಗಳನ್ನು ತಮ್ಮಿಂದಲೇ ಗುಣಿಸಿ ಕೂಡಬೇಕು. ನಾಲ್ವರು ಸಮಸಮವಾಗಿ ಕೊಟ್ಟರೆ ಮೊತ್ತ ಕಾಲುಭಾಗ; ಅಂದರೆ ನಾಲ್ವರೂ ನಾಲ್ವರೇ. ಒಬ್ಬನು ಹತ್ತರಲ್ಲಿ ಏಳು ಪಾಲು, ಉಳಿದ ಮೂವರು ಒಂದೊಂದು ಪಾಲು ಕೊಟ್ಟರೆ ಮೊತ್ತ 0.52. ಹೆಸರಿಗೆ ನಾಲ್ವರಿದ್ದರೂ ಲೆಕ್ಕಕ್ಕೆ ಇಬ್ಬರೂ ಪೂರ್ತಿ ಇಲ್ಲ. ಕರಿಹಲಗೆಯ ಮೇಲೆ ಇಷ್ಟನ್ನು ಬರೆದು, ತಮ್ಮ ಮನೆಗೆ ಗೊಬ್ಬರ, ಡೀಸೆಲ್, ಅನಿಲ ಎಲ್ಲಿಂದ ಬರುವವೆಂದು ವಿಚಾರಿಸಿಕೊಂಡು ಬರಲು ಮಕ್ಕಳಿಗೆ ಹೇಳಿದರೆ, ಭೂಗೋಳದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪ್ರವೇಶ ದೊರೆಯದು.

ಮಠಗಳ ಪರಂಪರೆಯಲ್ಲಿ ಈ ಅಳತೆಯ ಮರ್ಮ ಬಹು ಹಿಂದೆಯೇ ಆಚರಣೆಯಲ್ಲಿತ್ತು. ರಾಣೇಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿ, 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳ ಕಾಲದಲ್ಲಿಯೂ, ಅವರ ಹಿಂದೆ ಮುಂದೆಯೂ, ಈ ಸೀಮೆಯ ಮಠಗಳ ದಾಸೋಹ ನಡೆದುದು ಮನೆಮನೆಯ ಹಿಡಿ ಹಿಡಿ ಧಾನ್ಯದಿಂದ. ಜೋಳಿಗೆಗೆ ಸಾವಿರ ಮನೆಗಳು ನೀಡುವಾಗ ಒಂದು ಮನೆಯಲ್ಲಿ ಬರಗಾಲವಿದ್ದರೂ ಪಂಕ್ತಿ ನಿಲ್ಲುವುದಿಲ್ಲ. ದೊಡ್ಡ ದಾನಿಯೊಬ್ಬನನ್ನೇ ನಂಬಿದ ಸಂಸ್ಥೆಗೆ ಅವನ ವ್ಯಾಪಾರದ ನಷ್ಟವೇ ಏಕಾದಶಿಯಾಗುತ್ತದೆ. ಜೋಳಿಗೆಯ ಜೊತೆಗೆ ಹಗೇವೂ ಇತ್ತು. ನೆಲದೊಳಗೆ ತೋಡಿ, ಹುಲ್ಲು ಹೊದಿಸಿ, ಜೋಳ ತುಂಬಿ, ಮಣ್ಣು ಮುಚ್ಚಿದ ಹಗೇವು ಕೆಟ್ಟ ವರ್ಷವನ್ನು ದಾಟಿಸುತ್ತಿತ್ತು. ಮಂಗಳೂರಿನಲ್ಲಿಯೂ ಉಡುಪಿಯ ಬಳಿಯ ಪಾದೂರಿನಲ್ಲಿಯೂ ಬಂಡೆಯನ್ನು ಕೊರೆದು ಮಾಡಿರುವ ಕಚ್ಚಾ ತೈಲದ ಭೂಗರ್ಭ ಕಣಜಗಳು ಅದೇ ಹಗೇವಿನ ವಂಶದವು. ಮಂಗಳೂರಿನದು 15 ಲಕ್ಷ ಟನ್ನು ಹಿಡಿಯುತ್ತದೆ, ಪಾದೂರಿನದು 25 ಲಕ್ಷ. ವಿಶಾಖಪಟ್ಟಣದ 13.3 ಲಕ್ಷವನ್ನೂ ಸೇರಿಸಿದರೆ ತುಂಬಿದ ಕಣಜಗಳು ದೇಶಕ್ಕೆ ಒಂಬತ್ತು ಹತ್ತು ದಿನ ಬಂದಾವು. ಹಗೇವು ತೋಡಿದ ಹಿರಿಯರು ಒಂಬತ್ತು ದಿನದ ಜೋಳಕ್ಕಾಗಿ ಗುದ್ದಲಿ ಹಿಡಿಯುತ್ತಿರಲಿಲ್ಲ ಎಂಬುದು ಬೇರೆ ಮಾತು. ಗೊಬ್ಬರದ ಹಗೇವಿನ ವಿಷಯವಂತೂ 2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ರಾಜ್ಯದ ಹಲವೆಡೆ ಸಾಲು ನಿಂತಾಗ ಮತ್ತೆ ನೆನಪಾಯಿತು.

ಇಷ್ಟರಲ್ಲಿ ಹಾವೇರಿ ಜಿಲ್ಲೆ ಬಲೆಯ ಇನ್ನೊಂದು ತುದಿಯಲ್ಲಿಯೂ ಸಿಕ್ಕಿಕೊಂಡಿದೆ. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಪ್ರಮಾಣ 2025ರಲ್ಲಿ ಶೇಕಡ 20ಕ್ಕೆ ಮುಟ್ಟಿತು. ಆ ಎಥೆನಾಲಿಗೆ 2023-24ರಿಂದ ಕಬ್ಬಿಗಿಂತಲೂ ಮುಂದಾಗಿ ಒದಗಿದ ಕಚ್ಚಾವಸ್ತು ಮೆಕ್ಕೆಜೋಳ. ಒಂದು ಟನ್ನಿನಿಂದ ಸುಮಾರು 380 ಲೀಟರು ಬರುತ್ತದೆ. ಕೊಲ್ಲಿಯ ಅನಿಲದಿಂದಾದ ಯೂರಿಯಾ ಉಂಡು ಬೆಳೆದ ತೆನೆ, ಕೊಲ್ಲಿಯ ತೈಲಕ್ಕೆ ಬದಲಾಗಿ ಮೋಟಾರು ಓಡಿಸಲು ಹೊರಟಿತು. ಬೇಡಿಕೆ ಏರಿದೊಡನೆ 2024ರಲ್ಲಿ ಮ್ಯಾನ್ಮಾರ್ ಮತ್ತು ಉಕ್ರೇನುಗಳಿಂದ ದೇಶಕ್ಕೆ ಮೆಕ್ಕೆಜೋಳ ಬಂದಿತು. 2025ರ ನವೆಂಬರಿನಲ್ಲಿ ಹೊಸ ಬೆಳೆ ಪೇಟೆಗೆ ಬರುವಾಗ ದರ ಬೆಂಬಲ ಬೆಲೆಯಾದ ಕ್ವಿಂಟಲಿಗೆ 2400 ರೂಪಾಯಿಗಿಂತ ಬಹಳ ಕೆಳಗಿತ್ತು. ಹಾವೇರಿ, ಗದಗ ಜಿಲ್ಲೆಗಳ ರೈತರು ಖರೀದಿ ಕೇಂದ್ರಕ್ಕಾಗಿ ಬೀದಿಗಿಳಿದರು. ಡಿಸ್ಟಿಲರಿಗಳು ಇಲ್ಲಿಯ ಕಾಳನ್ನೇ ಕೊಳ್ಳಲಿ ಎಂಬುದೂ ಅವರ ಬೇಡಿಕೆಗಳಲ್ಲಿ ಸೇರಿತ್ತು. ರಾಣೇಬೆನ್ನೂರಿನ ಅಡತಿ ಅಂಗಡಿಗಳಲ್ಲಿ ಮೆಕ್ಕೆಜೋಳದ ದರ ಕೇಳುವವರು ಈಗ ಮಳೆಯ ಸುದ್ದಿಯ ಜೊತೆಗೆ ಎಥೆನಾಲಿನ ಹಂಚಿಕೆಯ ಸುದ್ದಿಯನ್ನೂ ವಿಚಾರಿಸುತ್ತಾರೆ.